ವಿದ್ಯೆಯ ಸಾಲಕ್ಕೆ ಯಾರ ಜಾಮೀನು?

ದ್ವಿತೀಯ ಪಿಯುಸಿ ಹಾಗೂ ಸಿಇಟಿ ಫಲಿತಾಂಶಗಳು ಹೊರಬೀಳುವ ದಿನಗಳಲ್ಲಿ ನಮಗೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಉಳಿದ ತಿಂಗಳುಗಳಲ್ಲಿ ಪೂಜೆಯ ಕ್ರಮವನ್ನೋ ವಚನವೊಂದರ ಅರ್ಥವನ್ನೋ ಕೇಳುವ ಬಾಂಧವರು ಆಗ ಕೇಳುವುದು ಒಂದೇ ಮಾತು: ಮಗಳಿಗೆ ಇಂಜಿನಿಯರಿಂಗ್ ಸೀಟು ದೊರೆತಿದೆ, ಬ್ಯಾಂಕಿನವರು ಜಾಮೀನು ಬೇಕೆನ್ನುತ್ತಾರೆ, ಹೊಲದ ಮೇಲೆ ಮೊದಲೇ ಸಾಲವಿದೆ, ಮುಂದೇನು? ಇಂತಹ ಮನೆಗಳಲ್ಲಿ ಬಹುತೇಕ ಸೀಟನ್ನೇ ಬಿಟ್ಟುಕೊಡುವ ನಿರ್ಧಾರವಾಗುತ್ತದೆ. ಅದರಲ್ಲೂ ಮಗಳಾದರೆ ಆ ನಿರ್ಧಾರ ಇನ್ನಷ್ಟು ಬೇಗ ಆಗುತ್ತದೆ. ಬ್ಯಾಂಕಿನ ಒಂದು ಬಾಯಿಮಾತಿಗೆ ಅಂಜಿ ಹಿಂದಿರುಗುವ ಮೊದಲು ನಿಯಮವೇನೆಂಬುದನ್ನು ಅರಿಯುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

'ಜಾಮೀನು' ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಅಡಗಿವೆ. ತಂದೆಯೋ ತಾಯಿಯೋ ಮಗುವಿನೊಡನೆ ಸಾಲಪತ್ರಕ್ಕೆ ಸಹಿ ಹಾಕಿದರೆ ಅವರು ಸಹಸಾಲಗಾರರು. ಸೋದರಮಾವನೋ ಪರಿಚಿತ ಶಿಕ್ಷಕರೋ ಸಹಿ ಹಾಕಿದರೆ ಅವರು ಜಾಮೀನುದಾರರು. ಹೊಲ, ಮನೆ, ಠೇವಣಿಗಳನ್ನು ಒತ್ತೆಯಿಟ್ಟರೆ ಅದು ಅಡಮಾನ. ಭಾರತೀಯ ಬ್ಯಾಂಕುಗಳ ಸಂಘವು 2001ರಲ್ಲಿ ರೂಪಿಸಿ ಆಮೇಲೆ ಪರಿಷ್ಕರಿಸುತ್ತ ಬಂದ ಮಾದರಿ ಶೈಕ್ಷಣಿಕ ಸಾಲ ಯೋಜನೆಯ ಪ್ರಕಾರ 4 ಲಕ್ಷ ರೂಪಾಯಿಯವರೆಗಿನ ಸಾಲಕ್ಕೆ ಪಾಲಕರು ಸಹಸಾಲಗಾರರಾದರೆ ಸಾಕು. ಜಾಮೀನುದಾರರೂ ಬೇಡ, ಅಡಮಾನವೂ ಬೇಡ, ಸ್ವಂತ ಪಾಲಿನ ಹಣವನ್ನೂ ತೋರಿಸಬೇಕಿಲ್ಲ. ನಾಲ್ಕರಿಂದ ಏಳೂವರೆ ಲಕ್ಷದವರೆಗೆ ಮೂರನೆಯವರ ಜಾಮೀನು ಬೇಕೆಂಬ ಮಾತು ಅಲ್ಲಿತ್ತು. ಕೇಂದ್ರ ಸರಕಾರವು 2015ರಲ್ಲಿ ಶೈಕ್ಷಣಿಕ ಸಾಲಗಳಿಗಾಗಿ ಸಾಲಖಾತರಿ ನಿಧಿಯನ್ನು ಸ್ಥಾಪಿಸಿತು. ಬಾಕಿ ಮುಳುಗಿದರೆ ಶೇಕಡಾ 75ರ ಹೊಣೆಯನ್ನು ಆ ನಿಧಿಯೇ ಹೊರುವುದರಿಂದ, ಅದರಡಿ ನೀಡುವ ಏಳೂವರೆ ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕು ಅಡಮಾನವನ್ನಾಗಲಿ ಮೂರನೆಯವರ ಸಹಿಯನ್ನಾಗಲಿ ಕೇಳುವಂತಿಲ್ಲ. ಉತಾರ ತನ್ನಿ, ಸರಕಾರಿ ನೌಕರರೊಬ್ಬರನ್ನು ಕರೆತನ್ನಿ ಎಂದು ಮ್ಯಾನೇಜರರು ಹೇಳಿದಾಗ, "ಈ ಸಾಲವನ್ನು ಖಾತರಿ ನಿಧಿಯಡಿ ಪರಿಗಣಿಸಬಹುದಲ್ಲವೇ?" ಎಂದು ಸೌಜನ್ಯದಿಂದಲೇ ಕೇಳಬೇಕು. ಈ ಒಂದು ಪ್ರಶ್ನೆಯಿಂದ ಮಾತಿನ ದಿಕ್ಕು ಬದಲಾಗುವುದುಂಟು.

ಇನ್ನು ಎರಡನೆಯ ಅಡ್ಡಿ, ಸಿಬಿಲ್ ಅಂಕವೆಂದು ಜನ ಕರೆಯುವ ಸಾಲಚರಿತ್ರೆಯ ಅಂಕ. 300ರಿಂದ 900ರವರೆಗಿನ ಈ ಅಂಕದಲ್ಲಿ ತಂದೆಯ ಹಳೆಯ ಬೆಳೆಸಾಲ, ಟ್ರಾಕ್ಟರ್ ಸಾಲ, ಬರಗಾಲದ ಸುಸ್ತಿಬಾಕಿ ಎಲ್ಲವೂ ಕಾಣಿಸುತ್ತವೆ. ಏಕಕಾಲದ ತೀರುವಳಿ ಮಾಡಿಕೊಂಡವರ ಹೆಸರಿನ ಮುಂದೆಯೂ ಪೂರ್ಣ ಪಾವತಿಯಾಗದ ಗುರುತು ಉಳಿಯುತ್ತದೆ. ತಂದೆ ಸುಸ್ತಿದಾರನಾದರೆ ಮಗುವಿನ ವಿದ್ಯೆ ನಿಲ್ಲಬೇಕೇ? ಕೇರಳದ ಉಚ್ಚ ನ್ಯಾಯಾಲಯವು 2020ರಲ್ಲಿ ಒಂದು ಪ್ರಕರಣದಲ್ಲಿ, ಪಾಲಕರ ಅಂಕ ಕಡಿಮೆಯೆಂಬ ಕಾರಣಕ್ಕೆ ಶೈಕ್ಷಣಿಕ ಸಾಲವನ್ನು ನಿರಾಕರಿಸಲಾಗದು, ನೋಡಬೇಕಾದುದು ಓದು ಮುಗಿದ ಮೇಲೆ ವಿದ್ಯಾರ್ಥಿಗೆ ಬರುವ ಮರುಪಾವತಿಯ ಶಕ್ತಿಯನ್ನು ಎಂಬ ನಿಲುವು ತಳೆಯಿತು. 2023ರಲ್ಲಿ ಅದೇ ನ್ಯಾಯಾಲಯವು, ವಿದ್ಯಾರ್ಥಿಯದೇ ಅಂಕ ಕಡಿಮೆಯಿದ್ದ ಇನ್ನೊಂದು ಪ್ರಕರಣದಲ್ಲಿ, ಬ್ಯಾಂಕುಗಳು ಮಾನವೀಯ ದೃಷ್ಟಿಯಿಂದ ವರ್ತಿಸಬೇಕೆಂದು ತಿಳಿಸಿ ಹಣವನ್ನು ಕಾಲೇಜಿಗೆ ಬಿಡುಗಡೆ ಮಾಡಲು ಆದೇಶಿಸಿತು. ಕೇರಳದ ತೀರ್ಪು ಕರ್ನಾಟಕದ ಬ್ಯಾಂಕನ್ನು ನೇರವಾಗಿ ಕಟ್ಟಿಹಾಕದು, ನಿಜ. ಆದರೂ ಅರ್ಜಿಯೊಡನೆ ಅದನ್ನು ಉಲ್ಲೇಖಿಸುವುದರಲ್ಲಿ ತಪ್ಪಿಲ್ಲ. ಯಾವ ಸಾಲವನ್ನೂ ಪಡೆಯದ ವಿದ್ಯಾರ್ಥಿಗೆ ಅಂಕವೇ ಇರುವುದಿಲ್ಲ. ಮೊದಲ ಬಾರಿಗೆ ಸಾಲ ಕೇಳುವವರನ್ನು ಚರಿತ್ರೆಯಿಲ್ಲವೆಂಬ ಒಂದೇ ಕಾರಣಕ್ಕೆ ತಿರಸ್ಕರಿಸಬಾರದೆಂದು ರಿಸರ್ವ್ ಬ್ಯಾಂಕು 2025ರ ಜನವರಿಯ ನಿರ್ದೇಶನದಲ್ಲಿ ಸೂಚಿಸಿದೆ.

ಅರ್ಜಿ ಹಾಕುವ ಮೊದಲು ಪಾಲಕರು ತಮ್ಮ ಸಾಲಚರಿತ್ರೆಯ ವರದಿಯನ್ನು ತರಿಸಿ ನೋಡುವುದು ಒಳ್ಳೆಯದು. ವರ್ಷಕ್ಕೊಮ್ಮೆ ಅದು ಉಚಿತವಾಗಿ ದೊರೆಯುತ್ತದೆ. ತೀರಿದ ಸಾಲ ಇನ್ನೂ ಬಾಕಿಯೆಂದು ತೋರುತ್ತಿರುವುದು ಅಪರೂಪವಲ್ಲ. ದೂರು ಕೊಟ್ಟ 30 ದಿನಗಳೊಳಗೆ ಸರಿಪಡಿಸದಿದ್ದರೆ ದಿನವೊಂದಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲಿನಿಂದ ಜಾರಿಯಲ್ಲಿದೆ.

ಬ್ಯಾಂಕು ಒಪ್ಪದಿದ್ದರೆ? ಬಾಯಿಮಾತಿನ ನಿರಾಕರಣೆಯನ್ನು ನಿರಾಕರಣೆಯೆಂದೇ ಎಣಿಸಬಾರದು. ಅರ್ಜಿಯನ್ನು ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿಯನ್ನು ಪಡೆಯಬೇಕು. ತಿರಸ್ಕರಿಸಿದರೆ ಕಾರಣಸಹಿತ ಹಿಂಬರಹವನ್ನು ಕೇಳಬೇಕು. ಮಾದರಿ ಯೋಜನೆಯ ಪ್ರಕಾರ ಶಾಖೆಯ ಅಧಿಕಾರಿ ತಾನೊಬ್ಬನೇ ತಿರಸ್ಕರಿಸುವಂತಿಲ್ಲ, ಮೇಲಿನ ಅಧಿಕಾರಿಯ ಸಮ್ಮತಿ ಬೇಕು. ನಿಮ್ಮ ಊರು ನಮ್ಮ ಶಾಖೆಯ ವ್ಯಾಪ್ತಿಗೆ ಬರುವುದಿಲ್ಲವೆಂಬ ನೆಪವನ್ನೂ ರಿಸರ್ವ್ ಬ್ಯಾಂಕು 2012ರಲ್ಲಿಯೇ ತಡೆದಿದೆ. ಬ್ಯಾಂಕಿಗೆ ದೂರು ಕೊಟ್ಟು 30 ದಿನ ಕಾದರೂ ಸಮಾಧಾನ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ರಿಗೆ ಶುಲ್ಕವಿಲ್ಲದೆ ದೂರಬಹುದು. ಸಾಲ ಕೊಡುವುದು ಬಿಡುವುದು ಬ್ಯಾಂಕಿನ ವ್ಯಾವಹಾರಿಕ ವಿವೇಚನೆಯಾದುದರಿಂದ ಅವರು ಅದರಲ್ಲಿ ಕೈಹಾಕಲಾರರು. ನಿರ್ದೇಶನವನ್ನು ಮೀರಿದ್ದರೆ ಮಾತ್ರ ಪ್ರಶ್ನಿಸಬಲ್ಲರು. ಆ ಕಾರಣಕ್ಕಾಗಿಯೇ ಹಿಂಬರಹಕ್ಕೆ ಅಷ್ಟು ಬೆಲೆ.

2024ರ ನವೆಂಬರಿನಲ್ಲಿ ಕೇಂದ್ರ ಸಂಪುಟವು ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯ ದಾರಿ ಇನ್ನೂ ಸುಗಮ. ಉತ್ತಮ ಶ್ರೇಯಾಂಕದ ವಿದ್ಯಾಸಂಸ್ಥೆಗಳ ಪಟ್ಟಿಯೊಂದನ್ನು ಮಾಡಲಾಗಿದೆ. ಆರಂಭದಲ್ಲಿ ಅದರಲ್ಲಿ 860 ಸಂಸ್ಥೆಗಳಿದ್ದವು. ಅಲ್ಲಿ ಅರ್ಹತೆಯಿಂದ ಪ್ರವೇಶ ಪಡೆದವರಿಗೆ ಅಡಮಾನವಿಲ್ಲದೆ, ಜಾಮೀನುದಾರರಿಲ್ಲದೆ ಸಾಲ. ಮ್ಯಾನೇಜ್‌ಮೆಂಟ್ ಕೋಟಾದವರಿಗೆ ಇದು ಸಲ್ಲದು. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ, ಓದಿನ ಅವಧಿ ಮತ್ತು ಅನಂತರದ ವಿರಾಮದಲ್ಲಿ, ಶೇಕಡಾ 3ರ ಬಡ್ಡಿ ರಿಯಾಯಿತಿಯುಂಟು. ಆದರೆ ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳಿಗೆ ಮಾತ್ರ. ಆದಾಯ ನಾಲ್ಕೂವರೆ ಲಕ್ಷದೊಳಗಿದ್ದು ತಾಂತ್ರಿಕ ಅಥವಾ ವೃತ್ತಿಶಿಕ್ಷಣ ಪಡೆಯುವವರಿಗೆ ಆ ಅವಧಿಯ ಪೂರ್ಣ ಬಡ್ಡಿಯನ್ನು ಸರಕಾರವೇ ಭರಿಸುವ ಯೋಜನೆ ಮೊದಲಿನಿಂದಲೂ ಇದೆ. ನಮ್ಮ ರಾಜ್ಯದಲ್ಲಿ ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮದ 'ಅರಿವು' ಸಾಲದ ಬಡ್ಡಿ ಶೇಕಡಾ 2. ಇತರ ಸಮುದಾಯಗಳ ನಿಗಮಗಳಲ್ಲಿಯೂ, 2020ರಲ್ಲಿ ಆದ ವೀರಶೈವ ಲಿಂಗಾಯತ ಅಭಿವೃದ್ಧಿ ನಿಗಮದಲ್ಲಿಯೂ ವಿಚಾರಿಸುವುದು ಯುಕ್ತ. ಅಲ್ಲಿ ಅರ್ಜಿಯ ಕಾಲ ತಪ್ಪಿದರೆ ಒಂದು ವರ್ಷವೇ ತಪ್ಪಿದಂತೆ.

ಅಮೆರಿಕೆಗೆ ಹೊರಟ ಮಕ್ಕಳ ವಿಷಯ ಬೇರೆ. ಅಲ್ಲಿನ ಸರಕಾರದ ವಿದ್ಯಾರ್ಥಿ ಸಾಲ ಅಲ್ಲಿನ ನಾಗರಿಕರಿಗೆ ಹಾಗೂ ಕಾಯಂ ನಿವಾಸಿಗಳೇ ಮೊದಲಾದ ಕೆಲವರಿಗೆ ಮೀಸಲು. ಪ್ರಾಡಿಜಿ ಫೈನಾನ್ಸ್, ಎಂಪವರ್ ಫೈನಾನ್ಸಿಂಗ್ ಮುಂತಾದ ಖಾಸಗಿ ಸಂಸ್ಥೆಗಳು ಸಹಸಾಲಗಾರರಿಲ್ಲದೆಯೂ ಪರದೇಶದ ವಿದ್ಯಾರ್ಥಿಗಳಿಗೆ ಸಾಲ ಕೊಡುತ್ತವೆ. ಆ ಸಾಲ ಡಾಲರಿನಲ್ಲಿ; ಕೆಲಸ ಸಿಗದೆ ಹಿಂದಿರುಗಿದವನು ರೂಪಾಯಿ ದುಡಿದು ಡಾಲರನ್ನು ತೀರಿಸಬೇಕು. ಅಂತಹ ಸಾಲವನ್ನು ನಾವು ಯಾರಿಗೂ ಸುಲಭವಾಗಿ ಹೇಳಲಾರೆವು.

ದೊರೆಯುತ್ತದೆಂದು ಎಷ್ಟಾದರೂ ತೆಗೆದುಕೊಳ್ಳಬಹುದೇ? ಲೆಕ್ಕ ಹಾಕಿ ನೋಡೋಣ. ನಾಲ್ಕು ವರ್ಷ, ಪ್ರತಿ ವರ್ಷದ ಆರಂಭದಲ್ಲಿ ಒಂದು ಲಕ್ಷದಂತೆ, ಶೇಕಡಾ 10ರ ಸರಳ ಬಡ್ಡಿಯಲ್ಲಿ ಪಡೆದರೆ ಓದು ಮುಗಿಯುವಾಗ ಬಡ್ಡಿಯೇ ಒಂದು ಲಕ್ಷ. ಅನಂತರದ ಒಂದು ವರ್ಷದ ವಿರಾಮದಲ್ಲಿ ಇನ್ನೂ 40 ಸಾವಿರ. ಕಂತು ಆರಂಭವಾಗುವುದು 5 ಲಕ್ಷ 40 ಸಾವಿರದಿಂದ. ಓದುವಾಗಲೇ ಬಡ್ಡಿಯನ್ನು ಕಟ್ಟುತ್ತ ಹೋದರೆ ಕೊನೆಯ ವರ್ಷದಲ್ಲಿ ತಿಂಗಳಿಗೆ ಸುಮಾರು 3,300 ರೂಪಾಯಿ. ಹೈನಿರುವ ಮನೆಗೆ ಇದು ಕಷ್ಟವಾದರೂ ಅಸಾಧ್ಯವಲ್ಲ. ವಸತಿ ಊಟಗಳ ಖರ್ಚನ್ನು ಸಾಲದಿಂದ ಹೊರಗಿಟ್ಟಷ್ಟೂ ಹಗುರ. ಧಾರವಾಡದ ಮುರುಘಾಮಠ, ತುಮಕೂರಿನ ಸಿದ್ಧಗಂಗಾ ಮಠಗಳ ಪ್ರಸಾದನಿಲಯಗಳಲ್ಲಿ ಉಂಡು ಓದಿದ ತಲೆಮಾರುಗಳಿಗೆ ಯಾವ ಬ್ಯಾಂಕೂ ಬೇಕಾಗಲಿಲ್ಲ. ಇಂದಿನ ಶುಲ್ಕಗಳ ಮುಂದೆ ಅದೊಂದೇ ಸಾಲದು, ಆದರೂ ನಿಲಯಗಳನ್ನು ಮೊದಲು ವಿಚಾರಿಸಬೇಕು. ಉದ್ಯೋಗದ ಭರವಸೆಯಿಲ್ಲದ ಕಾಲೇಜಿಗೆ ಲಕ್ಷಗಟ್ಟಲೆ ಸಾಲ ಮಾಡುವುದಕ್ಕಿಂತ ಸರಕಾರಿ ಪಾಲಿಟೆಕ್ನಿಕ್ ಲೇಸೆಂಬುದು ನಮ್ಮ ಅಭಿಪ್ರಾಯ, ಒಪ್ಪದವರೂ ಇದ್ದಾರೆ.

ಮೊಬೈಲಿನಲ್ಲಿ ಐದು ನಿಮಿಷಕ್ಕೆ ಸಾಲವೆನ್ನುವವರನ್ನೂ, ಮುಂಗಡ ಕೊಟ್ಟರೆ ಮಂಜೂರು ಮಾಡಿಸುತ್ತೇವೆನ್ನುವ ಮಧ್ಯವರ್ತಿಗಳನ್ನೂ ಹೊಸ್ತಿಲಿನಾಚೆಯೇ ನಿಲ್ಲಿಸಬೇಕು. ವಿದ್ಯಾರ್ಥಿವೇತನಗಳ ವಿಚಾರವನ್ನು ಮುಂದಿನ ತಿಂಗಳಿಗೆ ಇಟ್ಟುಕೊಂಡಿದ್ದೇವೆ.