ಸವಾರನಿಗೆ ಸ್ಪ್ರಿಂಗ್ ಉಂಟು, ನೆಲಕ್ಕೆ?

ಮಲೆನಾಡಿನ ರೆಸಾರ್ಟುಗಳಲ್ಲಿ ದಪ್ಪ ಟೈರಿನ ನಾಲ್ಕು ಗಾಲಿಯ ಎಟಿವಿ ಈಗ ಅಪರೂಪದ ನೋಟವಲ್ಲ. ಇದರ ಕುರಿತು ಯಂತ್ರಾಸಕ್ತ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಯೊಂದಿದೆ: ಉತ್ತಮ ಸಸ್ಪೆನ್ಷನ್ ಅಳವಡಿಸಿ ಸರಿಯಾಗಿ ಹದಗೊಳಿಸಿದರೆ ಸವಾರನಿಗೆ ಮಾತ್ರವಲ್ಲ, ನೆಲಕ್ಕೂ ಪೆಟ್ಟು ಕಡಿಮೆಯಾಗುವುದಲ್ಲವೆ? ಪ್ರಶ್ನೆ ಪ್ರಾಮಾಣಿಕವಾದದ್ದು. ಆದ್ದರಿಂದ ಅದನ್ನು ತಳ್ಳಿಹಾಕದೆ ಪರಿಶೀಲಿಸೋಣ.

1970ರಲ್ಲಿ ಹೋಂಡಾ ಕಂಪನಿಯು ಅಮೆರಿಕದ ಮಾರುಕಟ್ಟೆಗೆ ತಂದ ಮೂರು ಗಾಲಿಯ ವಾಹನಕ್ಕೆ ಸಸ್ಪೆನ್ಷನ್ನೇ ಇರಲಿಲ್ಲ. ಕಡಿಮೆ ಗಾಳಿಯ ಉಬ್ಬಿದ ಟೈರುಗಳೇ ಕುಲುಕಾಟವನ್ನು ನುಂಗಬೇಕಿತ್ತು. 1985ರ ಸುಝುಕಿ ಕ್ವಾಡ್‌ರೇಸರ್ ಓಟಕ್ಕೆಂದೇ ರೂಪುಗೊಂಡ ನಾಲ್ಕು ಗಾಲಿಯ ವಾಹನ. ಅಂದಿನಿಂದ ಸ್ಪೋರ್ಟ್ ಎಟಿವಿಯ ರಚನೆ ಬಹುಮಟ್ಟಿಗೆ ಒಂದೇ: ಮುಂದಿನ ಎರಡು ಗಾಲಿಗಳಿಗೆ ಪ್ರತ್ಯೇಕ ತೋಳುಗಳು ಹಾಗೂ ಶಾಕ್ ಅಬ್ಸಾರ್ಬರುಗಳು, ಹಿಂದೆ ಒಂದೇ ತೋಳು, ಒಂದೇ ಶಾಕ್ ಅಬ್ಸಾರ್ಬರು, ಎರಡು ಗಾಲಿಗಳನ್ನು ಬಿಗಿಯಾಗಿ ಜೋಡಿಸಿದ ಒಂದೇ ಅಚ್ಚು.

ಹದಗೊಳಿಸುವ ವಿದ್ಯೆ ಸ್ವಾರಸ್ಯಕರವಾದದ್ದು. ಸ್ಪ್ರಿಂಗ್ ಭಾರವನ್ನು ಹೊರುತ್ತದೆ; ಶಾಕ್ ಅಬ್ಸಾರ್ಬರಿನೊಳಗಿನ ಎಣ್ಣೆ ಕಿರುರಂಧ್ರಗಳ ಮೂಲಕ ಹರಿಯುತ್ತ ಅದರ ಕುಣಿತವನ್ನು ತಡೆಯುತ್ತದೆ. ಸವಾರ ಕುಳಿತಾಗ ವಾಹನ ಎಷ್ಟು ಕುಸಿಯುತ್ತದೆಂದು ಮೊದಲು ಟೇಪ್ ಹಿಡಿದು ಅಳೆಯಬೇಕು. ಇದಕ್ಕೆ ‘ಸ್ಯಾಗ್’ ಎನ್ನುತ್ತಾರೆ. ಒಟ್ಟು ಚಲನೆಯ ಸುಮಾರು ಮೂರನೆಯ ಒಂದು ಭಾಗ ಕುಸಿದರೆ ಹದ ಸರಿ ಎಂಬುದು ಸಾಮಾನ್ಯ ಲೆಕ್ಕ. ಸ್ಪ್ರಿಂಗ್ ಮರಳುವ ವೇಗ ಹೆಚ್ಚಾದರೆ ವಾಹನ ಒದೆಯುತ್ತದೆ. ಅದು ತೀರ ನಿಧಾನವಾದರೆ, ಒಂದರ ಹಿಂದೊಂದು ಬರುವ ಉಬ್ಬುಗಳಲ್ಲಿ ವಾಹನ ಮೇಲೇಳಲಾಗದೆ ಇನ್ನಷ್ಟು ತಗ್ಗುತ್ತದೆ. ಇನ್ನೂ ಹೆಚ್ಚಿನ ಚಲನೆ ಬಯಸುವವರು ಉದ್ದನೆಯ ತೋಳುಗಳನ್ನು ಹಾಕಿಸಿ ಮುಂಭಾಗವನ್ನು ಅಗಲಗೊಳಿಸುತ್ತಾರೆ. ನುರಿತವರು ಒಂದು ಬಾರಿಗೆ ಒಂದೇ ತಿರುಪನ್ನು ಬದಲಿಸಿ ಫಲವನ್ನು ಬರೆದಿಡುತ್ತಾರೆ. ಕೃಷಿ ಪ್ರಯೋಗದ ತಾಕುಗಳಲ್ಲಿ ನಾವು ಪಾಲಿಸುವ ಶಿಸ್ತೂ ಇದೇ.

ಇನ್ನು ನೆಲದ ವಿಚಾರ. ಒಳ್ಳೆಯ ಹದದಿಂದ ಗಾಲಿಗಳು ನೆಲ ಬಿಟ್ಟು ಜಿಗಿಯುವುದು ಕಡಿಮೆಯಾಗುತ್ತದೆ, ಬ್ರೇಕಿನ ಹಿಡಿತವೂ ಸುಧಾರಿಸುತ್ತದೆ. ಆ ಮಟ್ಟಿಗೆ ವಿದ್ಯಾರ್ಥಿಗಳ ಮಾತು ನಿಜ. ಆದರೆ ಹಿಂದಿನ ಅಚ್ಚು ಬಿಗಿಯಾಗಿರುವುದರಿಂದ ತಿರುವಿನಲ್ಲಿ ಒಳಗಾಲಿ, ಹೊರಗಾಲಿಗಳೆರಡೂ ಒಂದೇ ವೇಗದಲ್ಲಿ ಸುತ್ತಬೇಕಾಗುತ್ತದೆ. ಯಾವುದಾದರೂ ಒಂದು ಜಾರಲೇಬೇಕು. ಜಾರುವ ಗಾಲಿ ಮಣ್ಣನ್ನು ಕೆರೆಯಲೇಬೇಕು. ಯಾವ ಸ್ಪ್ರಿಂಗೂ ಇದನ್ನು ತಪ್ಪಿಸದು.

ಮಣ್ಣಿನ ದಾರಿಯಲ್ಲಿ ಮೂಡುವ ಅಲೆಯಲೆಯಾದ ಉಬ್ಬುತಗ್ಗುಗಳಿಗೆ ಸ್ಪ್ರಿಂಗಿನ ಕುಣಿತವೇ ಕಾರಣವೆಂದು ಅನೇಕರು ಭಾವಿಸಿದ್ದಾರೆ. 2007ರಲ್ಲಿ ಟಾಬರ್ಲೆ, ಮಾರಿಸ್ ಮತ್ತು ಮ್ಯಾಕೆಲ್ವೇನ್ ಎಂಬ ವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗದಲ್ಲಿ, ಸ್ಪ್ರಿಂಗ್ ಇಲ್ಲದ ಸರಳ ಗಾಲಿಯೂ ಮರಳಿನ ಮೇಲೆ ಅಂಥ ಅಲೆಗಳನ್ನು ಮೂಡಿಸಿತು. ನಿರ್ಣಾಯಕವಾದದ್ದು ವೇಗ, ಒಂದು ಮಿತಿಯನ್ನು ದಾಟಿದೊಡನೆ ಅಲೆಗಳು ಬೆಳೆಯುತ್ತವೆ. ಅಮೆರಿಕದ ಅರಣ್ಯ ಸೇವೆ ಏಳು ತಾಣಗಳಲ್ಲಿ ನಡೆಸಿ 2008ರಲ್ಲಿ ವರದಿ ಮಾಡಿದ ಅಧ್ಯಯನವೂ, ವಾಹನ ಯಾವುದೇ ಇರಲಿ, ಅದರ ಸಲಕರಣೆ ಏನೇ ಇರಲಿ, ಎಟಿವಿ ಸಂಚಾರದಿಂದ ನಿಸರ್ಗಕ್ಕೆ ಹಾನಿಯಾಗಬಲ್ಲದು ಎಂದೇ ಹೇಳಿತು.

ಸಸ್ಪೆನ್ಷನ್ ಸುಧಾರಿಸಿದಾಗ ನಿಜವಾಗಿ ಬದಲಾಗುವುದು ಸವಾರನ ವಿವೇಕದ ಅಳತೆಗೋಲು. ಮೊದಲು ಸೊಂಟಕ್ಕೆ ಬೀಳುತ್ತಿದ್ದ ಪೆಟ್ಟೇ ನಿಧಾನಿಸು ಎಂದು ಎಚ್ಚರಿಸುತ್ತಿತ್ತು. ಆ ಎಚ್ಚರಿಕೆ ಮೌನವಾದ ಮೇಲೆ ಅದೇ ದಾರಿಯಲ್ಲಿ ವೇಗ ಏರುತ್ತದೆ. ಏರಿದ ವೇಗದ ಲೆಕ್ಕವನ್ನು ಮಣ್ಣು ತೀರಿಸಬೇಕಾಗುತ್ತದೆ.

ಸಮತಟ್ಟಾದ ಮುಚ್ಚಿದ ಟ್ರ್ಯಾಕಿನಲ್ಲಿ ಇದು ಕ್ರೀಡೆ. ಪಶ್ಚಿಮ ಘಟ್ಟದ ಇಳಿಜಾರಿನಲ್ಲಿ ಹಾಗಲ್ಲ. ಹುಲ್ಲಿನ ಬೇರು ಹರಿದು ಮೇಲಿಂದ ಕೆಳಕ್ಕೆ ಬಿದ್ದ ಗಾಲಿಯ ಜಾಡು ಮುಂಗಾರಿನಲ್ಲಿ ಕಾಲುವೆಯಾಗುತ್ತದೆ. ಹರಡಿ ಇಂಗಬೇಕಾದ ನೀರು ಅಲ್ಲಿ ಕೂಡಿ ಹರಿದು ಮೇಲ್ಮಣ್ಣನ್ನು ಕೊಚ್ಚುತ್ತದೆ. ಆ ಮಣ್ಣು ಕೆಳಗಿನ ಗದ್ದೆಗೋ ಹಳ್ಳಕ್ಕೋ ಬಂದು ಸೇರುತ್ತದೆ. ಸವಾರಿಯ ಸುಖ ಒಬ್ಬರದು, ಹೂಳೆತ್ತುವ ಕೆಲಸ ಇನ್ನೊಬ್ಬರದು.

ಅಮೆರಿಕದಲ್ಲಿ 1972ರಷ್ಟು ಹಿಂದೆಯೇ ಅಧ್ಯಕ್ಷರ ಆದೇಶವೊಂದು, ಸಾರ್ವಜನಿಕ ಭೂಮಿಯಲ್ಲಿ ಇಂಥ ವಾಹನಗಳು ಎಲ್ಲಿ ಓಡಬಹುದು, ಎಲ್ಲಿ ಓಡಬಾರದು ಎಂದು ಗುರುತಿಸುವಂತೆ ಇಲಾಖೆಗಳಿಗೆ ಸೂಚಿಸಿತು. 2005ರ ನಿಯಮದ ಪ್ರಕಾರ ಅಲ್ಲಿನ ರಾಷ್ಟ್ರೀಯ ಅರಣ್ಯಗಳು ಮೋಟಾರು ವಾಹನಗಳಿಗೆ ದಾರಿಗಳನ್ನು ಗೊತ್ತುಪಡಿಸಬೇಕು. ಆ ದಾರಿಗಳಾಚೆ ಸಂಚಾರ ನಿಷಿದ್ಧ. ವಾಹನಗಳ ತವರಿನಲ್ಲೇ ಇಂಥ ಅಂಕುಶ ಬೇಕಾಯಿತೆಂಬುದು ಗಮನಾರ್ಹ.

ನಮ್ಮ ಗ್ರಾಮಸಭೆಗಳು ಕೇಳಬೇಕಾದದ್ದೂ ಇಷ್ಟೇ: ಸವಾರಿಗೆ ನಿಶ್ಚಿತ ದಾರಿ ಇರಲಿ, ಅದು ಇಳಿಜಾರಿಗೆ ಅಡ್ಡವಾಗಿ ಸಾಗಲಿ, ಹುಲ್ಲುಗಾವಲು ಮತ್ತು ತೊರೆಗಳಿಂದ ದೂರವಿರಲಿ, ಮಳೆಗಾಲದಲ್ಲಿ ಮುಚ್ಚಿರಲಿ. ವಿದ್ಯಾರ್ಥಿಗಳಿಗೂ ಒಂದು ಕೆಲಸವಿದೆ. ಜಾಡಿನ ಎರಡೂ ಬದಿಗೆ ಗೂಟ ನೆಟ್ಟು, ಮಟ್ಟವಾಗಿ ದಾರ ಎಳೆದು, ಅಲ್ಲಿಂದ ನೆಲದ ಆಳವನ್ನು ಮಳೆಗೆ ಮುನ್ನ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಅಳೆದು ಬರೆದಿಡಿ. ಸ್ಯಾಗ್ ಅಳೆಯುವ ಟೇಪೇ ಇದಕ್ಕೂ ಸಾಕು. ಆ ಅಂಕಿಗಳೊಂದಿಗೆ ಸಭೆಗೆ ಬಂದರೆ ನಿಮ್ಮ ಮಾತನ್ನು ಯಾರೂ ಸುಲಭವಾಗಿ ಅಲ್ಲಗಳೆಯಲಾರರು.