ಇತಿಹಾಸದ ಪಾಠ ಮತ್ತು ಹಿಂದಿನ ಬೆಂಚಿನ ಮಗು

ಪಠ್ಯಪುಸ್ತಕದಲ್ಲಿ ಟಿಪ್ಪು ಸುಲ್ತಾನರ ಕುರಿತು ಎಷ್ಟು ಸಾಲುಗಳಿರಬೇಕು ಎಂಬ ವಿವಾದಕ್ಕೆ ನಮ್ಮ ನಾಡು ವ್ಯಯಿಸಿರುವ ಸಮಯಕ್ಕೆ ಲೆಕ್ಕವಿಲ್ಲ. 2022ರಲ್ಲಿ ರೋಹಿತ್ ಚಕ್ರತೀರ್ಥ ನೇತೃತ್ವದ ಸಮಿತಿಯ ಪರಿಷ್ಕರಣೆ ಹೊರಬಂದಾಗ ನಮ್ಮ ಸಮುದಾಯವೂ ದನಿಯೆತ್ತಿತು. 2023ರಲ್ಲಿ ಸರಕಾರ ಬದಲಾಗಿ ಅದರ ಕೆಲವು ಪಾಠಗಳು ಹಿಂದಕ್ಕೆ ಸರಿದಾಗ ಸಮಾಧಾನಪಟ್ಟಿತು. ಅದು ಬೇಕಾಗಿದ್ದ ಹೋರಾಟವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಸಾಲುಗಳು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎಂಬ ಸ್ಥಿತಿಯಲ್ಲಿರುವ ಮಕ್ಕಳು ನಮ್ಮ ಪ್ರೌಢಶಾಲೆಗಳಲ್ಲಿ ಎಷ್ಟಿದ್ದಾರೆಂದು ನಾವು ಎಂದಾದರೂ ಕೇಳಿದ್ದೇವೆಯೇ?

ದಾವಣಗೆರೆಯ ಆಜಾದ್ ನಗರ, ಬಾಷಾ ನಗರಗಳ ಕಡೆಯಿಂದ ಮಕ್ಕಳು ಬರುವ ಯಾವುದೇ ಪ್ರೌಢಶಾಲೆಯ ಒಂಬತ್ತನೇ ತರಗತಿಯನ್ನು ಕಣ್ಣೆದುರಿಗೆ ತಂದುಕೊಳ್ಳೋಣ. ಮುಂದಿನ ಬೆಂಚಿನ ಹುಡುಗಿ ದಿನಪತ್ರಿಕೆಯನ್ನು ತಡವರಿಸದೆ ಓದುತ್ತಾಳೆ. ಅವಳ ಪಕ್ಕದವಳು ಉರ್ದು ಮಾಧ್ಯಮದ ಪ್ರಾಥಮಿಕ ಶಾಲೆಯಿಂದ ಬಂದವಳು. ವಿಷಯ ಅವಳಿಗೆ ತಿಳಿಯುತ್ತದೆ, ಕನ್ನಡದ ಉದ್ದ ವಾಕ್ಯ ಮಾತ್ರ ಕೈಗೆ ಸಿಗುವುದಿಲ್ಲ. ಕೊನೆಯ ಬೆಂಚಿನಲ್ಲಿ ಬೆಳಗಿನ ಜಾವ ಮಂಡಕ್ಕಿ ಭಟ್ಟಿಯಲ್ಲಿ ಅಪ್ಪನಿಗೆ ನೆರವಾಗಿ ಬಂದ ಹುಡುಗ. ಅವನಿಗೆ ಒತ್ತಕ್ಷರ ಬಂದರೆ ಓದು ನಿಂತುಹೋಗುತ್ತದೆ. ನಲವತ್ತು ನಿಮಿಷಗಳ ಅವಧಿಯಲ್ಲಿ ಇವರೆಲ್ಲರಿಗೂ ಒಂದೇ ಪುಟ, ಒಂದೇ ಪ್ರಶ್ನೋತ್ತರ. ಮೊದಲ ಆಂಗ್ಲೋ-ಮೈಸೂರು ಯುದ್ಧ 1767–69, ಎರಡನೆಯದು 1780–84, ಮೂರನೆಯದು 1790–92, ನಾಲ್ಕನೆಯದು 1799: ಬರೆದುಕೊಳ್ಳಿ, ಬಾಯಿಪಾಠ ಮಾಡಿ. ಮೊದಲನೆಯವಳಿಗೆ ಇದರಲ್ಲಿ ಹೊಸದೇನಿಲ್ಲ, ಕೊನೆಯವನಿಗೆ ಏನೂ ಇಲ್ಲ. ಹತ್ತನೇ ತರಗತಿಗೆ ಬಂದಾಗ ಅವನ ಕೈಗೆ ಬರುವುದು 'ಪಾಸಿಂಗ್ ಪ್ಯಾಕೇಜ್', ಅಂದರೆ ಉತ್ತೀರ್ಣ ಅಂಕಗಳಿಗಷ್ಟೇ ಸಾಲುವ ಆಯ್ದ ಪ್ರಶ್ನೆಗಳ ಗೊಂಚಲು. ಶಿಕ್ಷಕರ ಸದುದ್ದೇಶವನ್ನು ನಾವು ಸಂಶಯಿಸುವುದಿಲ್ಲ. ಆದರೆ 'ನಿನ್ನಿಂದ ಇಷ್ಟೇ ಸಾಧ್ಯ' ಎಂಬ ತೀರ್ಪನ್ನೂ ಆ ಹಾಳೆ ಹುಡುಗನಿಗೆ ತಲುಪಿಸುತ್ತದೆ. 6ರಿಂದ 14 ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಶಾಲೆಯ ಮುಖವನ್ನೇ ನೋಡಿಲ್ಲ ಅಥವಾ ಅರ್ಧದಲ್ಲೇ ಬಿಟ್ಟಿದ್ದಾರೆ ಎಂದು 2006ರ ಸಾಚಾರ್ ಸಮಿತಿ ವರದಿ ಹೇಳಿತ್ತು. ಆ ಮಾತನ್ನು ನಾವು ಸಾವಿರ ಸಭೆಗಳಲ್ಲಿ ಉದ್ಧರಿಸಿದ್ದೇವೆ. ಶಾಲೆಯೊಳಗೆ ಕುಳಿತೂ ಶಾಲೆ ಬಿಟ್ಟವರ ಲೆಕ್ಕ ಯಾವ ವರದಿಯಲ್ಲೂ ಇರುವುದಿಲ್ಲ.

ಬೇರೆ ಬೇರೆ ಮಟ್ಟದ ಮಕ್ಕಳಿಗೆ ಒಟ್ಟಿಗೆ ಕಲಿಸುವ ವಿದ್ಯೆ ನಮ್ಮ ರಾಜ್ಯಕ್ಕೆ ಹೊಸತಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ 'ನಲಿ-ಕಲಿ' ಇದೇ ಸತ್ಯವನ್ನು ಒಪ್ಪಿಕೊಂಡು ರೂಪುಗೊಂಡಿತು. ಪ್ರತಿ ಮಗುವೂ ತಾನು ನಿಂತ ಮೆಟ್ಟಿಲಿನಿಂದಲೇ ಹತ್ತಲಿ ಎಂಬುದು ಅದರ ತತ್ವ. ವಿಚಿತ್ರವೆಂದರೆ ಮೂರನೇ ತರಗತಿ ದಾಟಿದೊಡನೆ ಮಕ್ಕಳೆಲ್ಲ ಸಮಾನರಾಗಿಬಿಟ್ಟರೆಂದು ವ್ಯವಸ್ಥೆ ಭಾವಿಸುತ್ತದೆ! ಅಂತರ ನಿಜವಾಗಿ ಹಿಗ್ಗುವುದು ಆ ನಂತರವೇ.

ಹಾಗಾದರೆ ಇತಿಹಾಸದ ಪಾಠವನ್ನು ಯೋಜಿಸುವುದು ಹೇಗೆ? ಮೂರು ಮಟ್ಟದ ಮಕ್ಕಳಿಗೆ ಮೂರು ಪಾಠ ಮಾಡಿರೆಂದು ನಾವು ಯಾವ ಶಿಕ್ಷಕರಿಗೂ ಹೇಳಲಾರೆವು. ಐವತ್ತು ಮಕ್ಕಳು, ಗಣತಿ, ಚುನಾವಣಾ ಕೆಲಸ, ಬಿಸಿಯೂಟದ ಲೆಕ್ಕ ಇವುಗಳ ನಡುವೆ ಅದು ಆಗದ ಮಾತು. ಪ್ರಶ್ನೆ ಒಂದೇ ಇರಲಿ, ಒಳಬರುವ ಬಾಗಿಲುಗಳು ಹಲವಿರಲಿ ಎಂಬುದಷ್ಟೇ ನಮ್ಮ ಕೋರಿಕೆ.

ಹರಿಹರದ ಸೇತುವೆಯನ್ನೇ ತೆಗೆದುಕೊಳ್ಳೋಣ. ತುಂಗಭದ್ರೆಗೆ ಅಡ್ಡಲಾಗಿ ಕಲ್ಲು ಮತ್ತು ಇಟ್ಟಿಗೆಯಲ್ಲಿ ಹದಿನಾಲ್ಕು ಕಮಾನುಗಳ ಸೇತುವೆಯೊಂದು 1868ರಲ್ಲಿ ಪೂರ್ಣಗೊಂಡಿತು. ಅದಕ್ಕೆ ಆಗಿನ ಕಾಲದ ಸುಮಾರು ಮೂರು ಲಕ್ಷ ರೂಪಾಯಿ ವೆಚ್ಚವಾಯಿತು. 'ಈ ಸೇತುವೆ ಇಲ್ಲಿಯೇ ಏಕೆ, ಆಗಲೇ ಏಕೆ?' ಇಷ್ಟನ್ನು ಕಪ್ಪು ಹಲಗೆಯ ಮೇಲೆ ಬರೆದರೆ ಒಂದು ವಾರದ ಪಾಠ ಸಿದ್ಧ. ಓದು ಬಾರದ ಹುಡುಗ ಹೊಳೆ, ರಸ್ತೆ, ಎರಡೂ ದಡಗಳ ನಕ್ಷೆ ಬಿಡಿಸಲಿ. ಸೇತುವೆ ಇಲ್ಲದ ಕಾಲದಲ್ಲಿ ಮಳೆಗಾಲದ ಹೊಳೆಯನ್ನು ಹತ್ತಿಯ ಗಾಡಿ ದಾಟುವುದು ಹೇಗೆ ಎಂಬುದನ್ನು ತರಗತಿಗೆ ವಿವರಿಸಲಿ. ಇದಕ್ಕೆ ಅಕ್ಷರ ಬೇಡ, ಬುದ್ಧಿ ಬೇಕು. ಅದು ಅವನಲ್ಲಿ ಧಾರಾಳವಾಗಿದೆ. ಮಧ್ಯದ ಸಾಲಿನ ಮಕ್ಕಳಿಗೆ ಸರಳ ಕನ್ನಡದಲ್ಲಿ ಆರು ಸಾಲುಗಳ ಒಂದು ಚೀಟಿ ಕೊಡಬಹುದು. 1831ರಿಂದ 1881ರವರೆಗೆ ಮೈಸೂರನ್ನು ಆಳುತ್ತಿದ್ದವರು ಬ್ರಿಟಿಷ್ ಕಮಿಷನರರು, ಆ ವರ್ಷಗಳಲ್ಲಿಯೇ ಈ ಸೇತುವೆ ಎದ್ದಿತು ಎಂಬುದನ್ನು ಅವರು ಓದಿ ಹೇಳಲಿ. ಮುಂದಿನ ಬೆಂಚಿನವರು ಪಠ್ಯಪುಸ್ತಕದ ಬ್ರಿಟಿಷ್ ಆಡಳಿತದ ಅಧ್ಯಾಯವನ್ನು ತೆರೆದು, ರಸ್ತೆ-ಸೇತುವೆಗಳಿಂದ ಯಾರಿಗೆ ಎಷ್ಟು ಲಾಭವಾಯಿತು ಎಂದು ವಾದಿಸಲಿ.

ಇನ್ನೊಂದು ದಿನ ಪ್ರತಿಯೊಬ್ಬರೂ ಮನೆಯ ಹಿರಿಯರಿಗೆ ಒಂದು ಪ್ರಶ್ನೆ ಕೇಳಿಕೊಂಡು ಬರಲಿ. 1956ರ ನವೆಂಬರ್ 1ಕ್ಕೆ ಮೊದಲು ಹರಿಹರದ ದಡದಲ್ಲಿ ಮೈಸೂರು ರಾಜ್ಯ, ಎದುರು ದಡದಲ್ಲಿ ಮುಂಬಯಿ ರಾಜ್ಯ. ಹೊಳೆ ದಾಟಿದರೆ ಸರಕಾರವೇ ಬೇರೆ. ರಾಣೇಬೆನ್ನೂರಿನಿಂದ ಹರಿಹರಕ್ಕೆ ಸೊಸೆಯಾಗಿ ಬಂದ ದಾದಿಯರು, ನಾನಿಯರು ನಮ್ಮ ಎಷ್ಟು ಮನೆಗಳಲ್ಲಿಲ್ಲ? ಏಕೀಕರಣದ ಪಾಠದಲ್ಲಿ ಮಕ್ಕಳು ಉರುಹೊಡೆಯುವ ಸಂಗತಿ ಅವರ ಮನೆಯ ನಿಕಾಹ್‌ನಾಮೆಯಲ್ಲಿ ಕುಳಿತಿರಬಹುದು. ಹಿರಿಯರು ಉರ್ದುವಿನಲ್ಲಿ ಹೇಳಿದ್ದನ್ನು ಮಗು ತರಗತಿಯಲ್ಲಿ ಕನ್ನಡಕ್ಕೆ ತರುವಾಗ ಭಾಷೆಯ ಪಾಠವೂ ತಾನಾಗಿಯೇ ನಡೆಯುತ್ತದೆ. 1941ರಲ್ಲಿ ಹರಿಹರದಲ್ಲಿ ಆರಂಭವಾಗಿ, ಲೇತ್ ಯಂತ್ರಗಳಿಗೆ ಹೆಸರಾಗಿ, ಈ ಶತಮಾನದ ಆರಂಭದಲ್ಲಿ ಬಾಗಿಲು ಮುಚ್ಚಿದ ಮೈಸೂರು ಕಿರ್ಲೋಸ್ಕರ್‌ನ ಕಥೆಯೂ ಹೀಗೆಯೇ. ದಾವಣಗೆರೆಯ ಹತ್ತಿ ಗಿರಣಿಗಳ ಕಥೆಯೂ ಅಷ್ಟೇ. ಕೈಗಾರಿಕೆಯ ಇತಿಹಾಸಕ್ಕೆ ಮ್ಯಾಂಚೆಸ್ಟರ್‌ಗೆ ಹೋಗಬೇಕಾದರೆ ಹೋಗೋಣ, ಆದರೆ ಅಲ್ಲಿಗೆ ಹೋಗುವ ದಾರಿ ಗಿರಣಿಯಲ್ಲಿ ದುಡಿದು ನಿವೃತ್ತನಾದ ಅಜ್ಜನ ಮನೆಯಂಗಳದಿಂದ ಆರಂಭವಾಗಲಿ.

ಕೇಳಿದ್ದನ್ನೆಲ್ಲ ನಂಬಬೇಕೆಂದು ಇದರ ಅರ್ಥವಲ್ಲ. 'ಇದನ್ನು ಯಾರು ಹೇಳಿದರು? ಅವರು ಕಂಡದ್ದೋ, ಕೇಳಿದ್ದೋ? ಕೇಳಿದ್ದಾದರೆ ಯಾರಿಂದ?' ಹದೀಸ್ ವಿದ್ವಾಂಸರು ಸನದ್ ಪರಿಶೀಲಿಸಲು ಕೇಳುತ್ತಿದ್ದ ಈ ಪ್ರಶ್ನೆಗಳು ಮದ್ರಸಾಕ್ಕೆ ಹೋಗುವ ಮಗುವಿಗೆ ಅಪರಿಚಿತವಲ್ಲ. ಇತಿಹಾಸಕಾರ ಆಧಾರಗಳ ಮುಂದೆ ಕೇಳುವುದೂ ಇದನ್ನೇ. ಹಳೆಯ ಗೆಜೆಟಿಯರ್ ಒಂದು ಮಾತು ಹೇಳುತ್ತದೆ: ಬೇತೂರಿನ ಮಗ್ಗುಲಿನ ಸಣ್ಣ ಹಳ್ಳಿಯಾಗಿದ್ದ ದಾವಣಗೆರೆಯನ್ನು ಹೈದರಲಿ, ಅಪೋಜಿ ರಾಮ್ ಎಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟರು, ಆತ ವರ್ತಕರನ್ನು ಕರೆದು ನೆಲೆಗೊಳಿಸಿದ, ಊರು ಬೆಳೆಯಿತು. ಹೈದರಲಿ ಎಂದರೆ ಯುದ್ಧದ ಇಸವಿ ಮಾತ್ರ ಎಂದು ತಿಳಿದ ಮಗುವಿಗೆ ತಾನು ನಡೆದಾಡುವ ಪೇಟೆಯೇ ಆ ಕಾಲದ ಗುರುತು ಎಂದು ಗೊತ್ತಾದರೆ ಪಾಠದ ಬಣ್ಣವೇ ಬದಲಾಗದೇ?

ಇಲ್ಲಿ ನಮ್ಮವರೊಂದಿಗೆ ಒಂದು ಮಾತನ್ನು ನೇರವಾಗಿ ಆಡಬೇಕಾಗಿದೆ. ಹರಿಹರಕ್ಕೆ ಮಕ್ಕಳನ್ನು ಕರೆದೊಯ್ಯುವುದೆಂದರೆ ಹರಿಹರೇಶ್ವರ ದೇವಾಲಯವನ್ನೂ ತೋರಿಸುವುದು ಎಂದರ್ಥ. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿ ಅದು. ಅರ್ಧ ಹರಿ, ಅರ್ಧ ಹರನ ವಿಗ್ರಹ ಅಲ್ಲಿನದು. ಅಲ್ಲಿಯ ಶಾಸನಗಳನ್ನು ಬಿ.ಎಲ್. ರೈಸ್ 'ಎಪಿಗ್ರಾಫಿಯಾ ಕರ್ನಾಟಿಕಾ'ದ 11ನೇ ಸಂಪುಟದಲ್ಲಿ ಸೇರಿಸಿದ್ದಾರೆ. 'ದೇವಸ್ಥಾನಕ್ಕೆ ನಮ್ಮ ಮಕ್ಕಳೇಕೆ?' ಎಂದು ಕೆಲವು ಪಾಲಕರು ಅನುಮತಿ ಪತ್ರಕ್ಕೆ ಸಹಿ ಹಾಕದಿರುವುದುಂಟು. ಶಾಸನ ನೋಡಲು ಹೋಗುವುದು ಆರಾಧನೆಗೆ ಹೋಗುವುದಲ್ಲ. ಎಂಟುನೂರು ವರ್ಷಗಳ ಕನ್ನಡ ಲಿಪಿಯ ಎದುರು ಇಡೀ ತರಗತಿ ನಿಂತಿರುವಾಗ ನಮ್ಮ ಮಗು ಮಾತ್ರ ಮನೆಯಲ್ಲಿ ಕುಳಿತರೆ ನಷ್ಟ ಯಾರದ್ದು? ನಮ್ಮ ಮಸೀದಿಗಳ ಬಾಗಿಲೂ ಬೇರೆಯವರ ಮಕ್ಕಳಿಗೆ ಹಾಗೆಯೇ ತೆರೆದಿರಬೇಕು, ಅದು ಬೇರೆ ಹೇಳಬೇಕಾದ ಮಾತಲ್ಲ.

ಕಹಿ ಪುಟಗಳನ್ನೂ ಮುಚ್ಚಿಡಬೇಕಾಗಿಲ್ಲ. ಇದೇ ಜಿಲ್ಲೆಯ ಸಂತೇಬೆನ್ನೂರಿನಲ್ಲಿ ಹನುಮಪ್ಪ ನಾಯಕನ ಪುಷ್ಕರಣಿಯಿದೆ, ಅದರ ಎದುರಿಗೇ ಬಿಜಾಪುರದ ಸೇನಾನಿ ರಣದುಲ್ಲಾ ಖಾನನ ಹೆಸರಿನೊಂದಿಗೆ ಬೆಸೆದುಕೊಂಡ ಮುಸಾಫಿರ್‌ಖಾನೆಯೂ ಇದೆ. ಅಲ್ಲಿಯ ಗುಡಿಯನ್ನು ಕೆಡವಲಾಯಿತೆಂಬ ಕಥೆಯನ್ನು ನಮ್ಮ ಮಗು ಬೀದಿಯ ಭಾಷಣದಲ್ಲಿ ಮೊದಲು ಕೇಳುವುದಕ್ಕಿಂತ ತರಗತಿಯಲ್ಲಿ, ಗೆಳೆಯರ ನಡುವೆ, ಆಧಾರ ಕೇಳುವ ಅಭ್ಯಾಸದೊಂದಿಗೆ ಕೇಳುವುದು ಮೇಲು. ಒಬ್ಬ ಸೇನಾನಿ ಮಾಡಿದ್ದಕ್ಕೆ ತಾನು ಉತ್ತರದಾಯಿಯಲ್ಲ ಎಂಬುದೂ ಅವನಿಗೆ ಅಲ್ಲಿಯೇ ತಿಳಿಯಲಿ.

ಈ ಕ್ರಮದಲ್ಲಿ ಒಂದು ಅಪಾಯವಿದೆ. ನಕ್ಷೆ ಬಿಡಿಸುವವನು ವರ್ಷವಿಡೀ ನಕ್ಷೆಯನ್ನೇ ಬಿಡಿಸುತ್ತಾ ಉಳಿದರೆ ನಾವು ಹಿಂದಿನ ಬೆಂಚಿಗೆ ಹೊಸ ಹೆಸರಿಟ್ಟಂತಾಗುತ್ತದೆ, ಅಷ್ಟೇ. ಜೂನ್‌ನಲ್ಲಿ ನಕ್ಷೆಯ ಕೆಳಗೆ ಹೆಸರು ಬರೆದವನು ಆಗಸ್ಟ್‌ನಲ್ಲಿ ಎರಡು ವಾಕ್ಯ ಬರೆಯಬೇಕು, ದಸರಾ ರಜೆ ಮುಗಿಯುವಷ್ಟರಲ್ಲಿ ಆ ಆರು ಸಾಲುಗಳ ಚೀಟಿಯನ್ನು ಗಟ್ಟಿಯಾಗಿ ಓದಬೇಕು. ಗುಂಪುಗಳು ತಿಂಗಳಿಗೊಮ್ಮೆ ಬದಲಾಗಬೇಕು. 'ದಡ್ಡರ ಗುಂಪು' ಎಂಬ ಮಾತು ತರಗತಿಯಲ್ಲಿ ಹುಟ್ಟಿದ ದಿನವೇ ಯೋಜನೆ ಸತ್ತಂತೆ.

ಎಸ್‌ಎಸ್‌ಎಲ್‌ಸಿ ಫಲಿತಾಂಶದ ಒತ್ತಡದಲ್ಲಿ ಇದಕ್ಕೆಲ್ಲ ಸಮಯವೆಲ್ಲಿ ಎಂದು ಶಿಕ್ಷಕರು ಕೇಳುವುದು ನ್ಯಾಯವೇ. ಎಲ್ಲ ಪಾಠಗಳನ್ನೂ ಹೀಗೆ ಮಾಡಬೇಕಾಗಿಲ್ಲ, ಹದಿನೈದು ದಿನಕ್ಕೊಂದು ಸಾಕು. ಆದರೆ ಈ ಒತ್ತಡವನ್ನು ಹುಟ್ಟಿಸುವವರಲ್ಲಿ ನಾವೂ ಇದ್ದೇವೆ. ನಮ್ಮ ವಿದ್ಯಾಸಂಸ್ಥೆಗಳ ಆಡಳಿತ ಸಮಿತಿಗಳು ಮುಖ್ಯೋಪಾಧ್ಯಾಯರನ್ನು ಕೇಳುವುದು ಎರಡೇ ಪ್ರಶ್ನೆ: ಕಟ್ಟಡ ಎಲ್ಲಿಗೆ ಬಂತು, ಶೇಕಡಾವಾರು ಎಷ್ಟು ಬಂತು. ಪಾಲಕರ ಸಭೆಯಲ್ಲಿ 'ನನ್ನ ಮಗ ಈ ತಿಂಗಳು ಇತಿಹಾಸದ ತರಗತಿಯಲ್ಲಿ ಏನು ಹೇಳಿದ?' ಎಂದು ಕೇಳಿದ ಒಬ್ಬ ತಂದೆಯನ್ನೂ ನಾವು ಕಂಡಿಲ್ಲ. ಏನು ಬರೆದ ಎಂದಲ್ಲ, ಏನು ಹೇಳಿದ ಎಂದು.

ದಾವಣಗೆರೆಯಿಂದ ಹರಿಹರ ಹದಿನಾಲ್ಕು ಕಿಲೋಮೀಟರ್‌ಗಳ ಆಸುಪಾಸಿನಲ್ಲಿದೆ. ಶನಿವಾರ ಶಾಲೆ ಬೆಳಿಗ್ಗೆಯೇ ಮುಗಿಯುತ್ತದೆ. ಐವತ್ತು ಮಕ್ಕಳ ಬಸ್ ಖರ್ಚು ಒಂದು ಜಮಾಅತಿಗೆ ಹೊರೆಯಾಗಲಾರದು. ಇಬ್ಬರು ಹಿರಿಯರು ಜೊತೆಗೆ ಬಂದರೆ ಸಾಕು. ಅವರಲ್ಲೊಬ್ಬರು ಕಿರ್ಲೋಸ್ಕರ್‌ನಲ್ಲಿ ದುಡಿದವರಾಗಿದ್ದರೆ ಇನ್ನೂ ಒಳ್ಳೆಯದು. ಸೇತುವೆಯ ಬಳಿ ಅವರು ಮಾತನಾಡಲಿ, ಹಿಂದಿನ ಬೆಂಚಿನ ಹುಡುಗ ಬರೆದುಕೊಳ್ಳಲಿ, ತನಗೆ ಬಂದಷ್ಟು ಅಕ್ಷರಗಳಲ್ಲಿ.