ನ್ಯಾನೋ ಸಂಸ್ಥೆಗಳ ವರ್ಷದ ಲೆಕ್ಕದಲ್ಲಿ ನಮ್ಮ ಖಾತೆ ಎಲ್ಲಿದೆ?

ಮಾರ್ಚ್ ತಿಂಗಳು ಮುಗಿದೊಡನೆ ಬಟವಾಡಿಯ ಎ.ಪಿ.ಎಂ.ಸಿ. ಪ್ರಾಂಗಣದ ಪ್ರತಿಯೊಂದು ಮಂಡಿಯಲ್ಲೂ ವರ್ಷದ ಲೆಕ್ಕ ಮುಗಿಸುವ ಗಡಿಬಿಡಿ ಕಾಣುತ್ತದೆ. ಖರೀದಿ ಎಷ್ಟು, ಮಾರಾಟ ಎಷ್ಟು, ಯಾರಿಂದ ಎಷ್ಟು ಬರಬೇಕು, ದಾಸ್ತಾನು ಎಷ್ಟು ಉಳಿಯಿತು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ದೊರೆತರೆ ವರ್ತಕನಿಗೆ ತನ್ನ ವರ್ಷ ಹೇಗೆ ಕಳೆಯಿತೆಂಬುದು ತಿಳಿಯುತ್ತದೆ. ಸಂಶೋಧನಾ ಸಂಸ್ಥೆಗಳೂ ಇದೇ ರೀತಿ ತಮ್ಮ ವರ್ಷದ ಪ್ರಗತಿಯನ್ನು ವರದಿಯ ರೂಪದಲ್ಲಿ ಪ್ರಕಟಿಸುತ್ತವೆ. ಪ್ರಕಟವಾದ ಪ್ರಬಂಧಗಳ ಸಂಖ್ಯೆ, ಪಡೆದ ಪೇಟೆಂಟುಗಳು, ಪಿಎಚ್.ಡಿ. ಪಡೆದ ವಿದ್ಯಾರ್ಥಿಗಳು, ವಿದೇಶೀ ಸಂಸ್ಥೆಗಳೊಡನೆ ಮಾಡಿಕೊಂಡ ಒಡಂಬಡಿಕೆಗಳು, ಇವು ಅವುಗಳ ಮುಖ್ಯ ಬಾಬತ್ತುಗಳು. ಅನ್ಯರ ಲೆಕ್ಕಪತ್ರ ಓದುವುದೇ ವೃತ್ತಿಯಾಗಿರುವ ನನಗೆ ಈ ವರದಿಗಳನ್ನೂ ಅದೇ ಕಣ್ಣಿನಿಂದ ಓದುವ ಚಪಲ. ಹಾಗೆ ಓದಿದಾಗ ತೋರಿದ ಒಂದು ಕೊರತೆಯನ್ನು ನಮ್ಮ ಸದಸ್ಯ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ವಿಷಯ ನ್ಯಾನೋ ಎಲೆಕ್ಟ್ರಾನಿಕ್ಸ್. ಹೆಸರು ಕೇಳಿದೊಡನೆ ಇದು ನಮಗೆ ಸಂಬಂಧಿಸಿದ್ದಲ್ಲವೆಂದು ಪುಟ ಮಗುಚುವುದು ಬೇಡ. ಒಂದು ಮೀಟರಿನ ನೂರು ಕೋಟಿಯಲ್ಲೊಂದು ಭಾಗವೇ ನ್ಯಾನೋಮೀಟರು. ಅಂಥ ಅಳತೆಯಲ್ಲಿ ವಸ್ತುವಿನ ಪದರಗಳನ್ನು ಕಟ್ಟಿ, ಕೊರೆದು, ಅವುಗಳಿಂದ ಚಿಪ್ಪುಗಳನ್ನೂ ಸಂವೇದಕಗಳನ್ನೂ ತಯಾರಿಸುವುದು ಈ ವಿದ್ಯೆ. ನಮ್ಮ ಅಂಗಡಿಯ ತೂಕದ ಯಂತ್ರದಿಂದ ಹಿಡಿದು ಹಿರೇಹಳ್ಳಿ, ಅಂತರಸನಹಳ್ಳಿಗಳ ಕಾರ್ಖಾನೆಗಳ ನಿಯಂತ್ರಣ ಫಲಕದವರೆಗೆ ಎಲ್ಲದರ ಒಳಗೂ ಇಂಥ ಚಿಪ್ಪುಗಳಿವೆ. 2021ರಲ್ಲಿ ಜಗತ್ತಿನಾದ್ಯಂತ ಚಿಪ್ಪುಗಳ ಅಭಾವ ತಲೆದೋರಿದಾಗ, ಕೆಲವೇ ನೂರು ರೂಪಾಯಿ ಬೆಲೆಯ ಬಿಡಿಭಾಗ ಬಾರದೆ ಲಕ್ಷಾಂತರ ರೂಪಾಯಿಯ ಯಂತ್ರ ಅರೆಬರೆ ಸಿದ್ಧವಾಗಿ ತಿಂಗಳುಗಟ್ಟಲೆ ನಿಂತಿದ್ದನ್ನು ನನ್ನ ಕಕ್ಷಿದಾರರೊಬ್ಬರ ಷೆಡ್ಡಿನಲ್ಲಿ ನಾನೇ ಕಂಡಿದ್ದೇನೆ. ಆ ವರ್ಷ ಅವರ ದಾಸ್ತಾನಿನ ಪಟ್ಟಿಯಲ್ಲಿ 'ತಯಾರಿಕೆಯ ಹಂತದಲ್ಲಿರುವ ಸರಕು' ಎಂಬ ಬಾಬತ್ತು ಎಂದೂ ಇಲ್ಲದಷ್ಟು ಊದಿಕೊಂಡಿತ್ತು. ಬ್ಯಾಂಕಿನವರಿಗೆ ಅದನ್ನು ವಿವರಿಸಲು ನಾನು ಪಟ್ಟ ಪಾಡು ಬೇರೆಯ ಕಥೆ.

ಈ ವಿದ್ಯೆಯ ದೊಡ್ಡ ಕೇಂದ್ರವೊಂದು ನಮ್ಮಿಂದ ಎಪ್ಪತ್ತು ಕಿಲೋಮೀಟರಿನೊಳಗೆ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಮುಂಬಯಿಯ ಐ.ಐ.ಟಿ.ಯಲ್ಲಿಯೂ ಕೇಂದ್ರ ಸರ್ಕಾರ 2006ರಲ್ಲಿ ಜೊತೆಯಾಗಿ ನ್ಯಾನೋ ಎಲೆಕ್ಟ್ರಾನಿಕ್ಸ್ ಉತ್ಕೃಷ್ಟತಾ ಕೇಂದ್ರಗಳನ್ನು ಆರಂಭಿಸಿತು. ಬೇರೆ ಬೇರೆ ಕಾಲೇಜುಗಳ ಸಂಶೋಧಕರು ಅಲ್ಲಿಗೆ ಬಂದು ಯಂತ್ರಗಳನ್ನು ಬಳಸಲೆಂದು 2008ರಲ್ಲಿ ಬಳಕೆದಾರರ ಕಾರ್ಯಕ್ರಮವೊಂದು ಜಾರಿಗೆ ಬಂದಿತು. 2010ರಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ನ್ಯಾನೋ ವಿಜ್ಞಾನ ಮತ್ತು ಇಂಜಿನಿಯರಿಂಗ್ ಕೇಂದ್ರವೆಂಬ ಪ್ರತ್ಯೇಕ ವಿಭಾಗವೇ ಸ್ಥಾಪನೆಯಾಯಿತು. 'ಸೆನ್ಸ್' ಎಂಬುದು ಅದರ ಪ್ರಚಲಿತ ಹೆಸರು. ಅಲ್ಲಿ ಸುಮಾರು 14,000 ಚದರ ಅಡಿಯ ಸ್ವಚ್ಛ ಕೊಠಡಿಯಿದೆ. ಅತ್ಯಂತ ಶುದ್ಧ ದರ್ಜೆಯ ಭಾಗದಲ್ಲಿ ಒಂದು ಘನ ಅಡಿ ಗಾಳಿಗೆ ಅರ್ಧ ಮೈಕ್ರಾನ್ ಗಾತ್ರದ ಧೂಳಿನ ಕಣಗಳು ನೂರಕ್ಕಿಂತ ಹೆಚ್ಚು ಇರಕೂಡದು. ಒಣಮೆಣಸಿನಕಾಯಿ ಚೀಲ ಬಿಚ್ಚಿದ ನಮ್ಮ ಮಂಡಿಯ ಗಾಳಿಯನ್ನು ಅಳೆದರೆ ಏನಾದೀತೆಂದು ಓದುಗರೇ ಊಹಿಸಬಹುದು.

ಇಂಥ ಕೊಠಡಿಯ ಲೆಕ್ಕ ವಿಚಿತ್ರವಾದದ್ದು. ಒಬ್ಬರು ಕೆಲಸ ಮಾಡಲಿ, ಐವತ್ತು ಮಂದಿ ಮಾಡಲಿ, ಗಾಳಿಯನ್ನು ಹಗಲಿರುಳೂ ಸೋಸುತ್ತಿರಬೇಕು. ಉಷ್ಣತೆ ಒಂದೇ ಮಟ್ಟದಲ್ಲಿರಬೇಕು. ಅತಿ ಶುದ್ಧವಾದ ನೀರು ಮತ್ತು ಅನಿಲಗಳು ಸದಾ ಸಿದ್ಧವಿರಬೇಕು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ವೆಚ್ಚದ ಬಹುಭಾಗ ಸ್ಥಿರ ವೆಚ್ಚ. ಯಂತ್ರ ಬರಿದೇ ನಿಂತ ಪ್ರತಿ ಗಂಟೆಯೂ ನಷ್ಟವೇ. ಆದುದರಿಂದ ಹೊರಗಿನ ಬಳಕೆದಾರರು ಬಂದು ಶುಲ್ಕ ತೆತ್ತು ಯಂತ್ರ ಬಳಸುವುದು ಸಂಸ್ಥೆ ನಮಗೆ ಮಾಡುವ ಉಪಕಾರವಲ್ಲ. ಅದು ಎರಡೂ ಕಡೆಗೆ ಲಾಭದ ವ್ಯವಹಾರ. ಕೈಗಾರಿಕೆಗಳಿಗೂ ಈ ಸೌಲಭ್ಯ ಶುಲ್ಕದ ಮೇಲೆ ತೆರೆದಿದೆ. ಆದರೆ ಇಂಥ ಸಂಸ್ಥೆಗಳ ವರದಿಗಳಲ್ಲಿ, ರಾಜ್ಯದ ಯಾವ ಜಿಲ್ಲೆಯ ಎಷ್ಟು ಸಣ್ಣ ಘಟಕಗಳು ತಮ್ಮ ಸಮಸ್ಯೆ ಹೊತ್ತು ಬಂದವು, ಎಷ್ಟು ಪರಿಹಾರದೊಡನೆ ಮರಳಿದವು ಎಂಬ ಅಂಕಣ ನನ್ನ ಕಣ್ಣಿಗೆ ಬೀಳಲಿಲ್ಲ. ದೊಡ್ಡ ಕಂಪನಿಗಳ ಹೆಸರುಗಳಿವೆ, ವಿದೇಶೀ ವಿಶ್ವವಿದ್ಯಾಲಯಗಳ ಹೆಸರುಗಳಿವೆ. ನಮ್ಮ ಖಾತೆಯೇ ತೆರೆದಿಲ್ಲ.

ತಪ್ಪು ಅವರೊಬ್ಬರದೇ ಎಂದು ನಾನು ಹೇಳಲಾರೆ. ಯಶವಂತಪುರದ ಮಾರುಕಟ್ಟೆಗೆ ವಾರಕ್ಕೊಮ್ಮೆಯಾದರೂ ಹೋಗಿಬರುವ ವರ್ತಕರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಅಲ್ಲಿಂದ ವಿಜ್ಞಾನ ಸಂಸ್ಥೆಯ ಆವರಣ ಕೂಗಳತೆ. ದಾಸನಪುರದ ಮಾರುಕಟ್ಟೆಯನ್ನು ಬಲ್ಲವರಿಗೆ ಅದೇ ಹೋಬಳಿಯ ಶಿವನಪುರದಲ್ಲಿ ಕೇಂದ್ರ ಸರ್ಕಾರದ ನ್ಯಾನೋ ಮತ್ತು ಮೃದುವಸ್ತು ವಿಜ್ಞಾನ ಕೇಂದ್ರವಿರುವುದು ಗೊತ್ತೇ? ಪ್ರೊ. ಎಸ್. ಚಂದ್ರಶೇಖರ್ ಅವರು 1991ರಲ್ಲಿ ದ್ರವ ಸ್ಫಟಿಕಗಳ ಸಂಶೋಧನೆಗೆಂದು ಕಟ್ಟಿದ ಸಂಸ್ಥೆಯದು. 2020ರ ಕೋವಿಡ್ ಕಾಲದಲ್ಲಿ ಬಟ್ಟೆಯ ಪದರಗಳ ತಿಕ್ಕಾಟದಿಂದ ಹುಟ್ಟುವ ಸ್ಥಾಯೀ ವಿದ್ಯುತ್ತಿನಿಂದಲೇ ಸೋಂಕನ್ನು ತಡೆಯುವ ಮುಖಗವಸನ್ನು ಅಲ್ಲಿನವರು ರೂಪಿಸಿ, ಆ ತಂತ್ರವನ್ನು ಬೆಂಗಳೂರಿನ ಸಿದ್ಧ ಉಡುಪು ತಯಾರಕರೊಬ್ಬರಿಗೆ ಒಪ್ಪಿಸಿದರು. ನೈಲಾನ್ ಮತ್ತು ಪಾಲಿಪ್ರೊಪಿಲೀನ್ ಬಟ್ಟೆಯಷ್ಟೇ ಬೇಕಾದ ಆ ಕೆಲಸವನ್ನು ತುಮಕೂರಿನ ಹೊಲಿಗೆ ಘಟಕವೂ ಮಾಡಬಹುದಿತ್ತು. ಬಾಗಿಲು ತಟ್ಟಿದವರಿಗೆ ದೊರೆಯಿತು.

ಬಾಗಿಲು ತಟ್ಟುವ ಪರಿಪಾಠ ಈ ನಾಡಿಗೆ ಹೊಸದೇನಲ್ಲ. ವಿಜ್ಞಾನ ಸಂಸ್ಥೆಯೇ ಜಮಶೇಟ್‌ಜಿ ಟಾಟಾ ಎಂಬ ವ್ಯಾಪಾರಿಯ ದಾನದಿಂದಲೂ ಮೈಸೂರು ಅರಸರು ಕೊಟ್ಟ ಭೂಮಿಯಿಂದಲೂ 1909ರಲ್ಲಿ ಹುಟ್ಟಿದ್ದು. ಮೊದಲ ಮಹಾಯುದ್ಧದಲ್ಲಿ ಯೂರೋಪಿಗೆ ಗಂಧದ ಮರದ ರಫ್ತು ನಿಂತು ಸಂಸ್ಥಾನದಲ್ಲಿ ಮರ ರಾಶಿ ಬಿದ್ದಾಗ, ಎಣ್ಣೆ ತೆಗೆಯುವ ವಿಧಾನವನ್ನು ಇಲ್ಲಿಯೇ ಸಿದ್ಧಪಡಿಸಿದವರು ಆ ಸಂಸ್ಥೆಯ ರಸಾಯನ ವಿಜ್ಞಾನಿಗಳು. 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆಯ ಭಟ್ಟಿ ಇಳಿಸುವುದು ಆರಂಭವಾಯಿತು. ಸಾಬೂನು ತಯಾರಿಕೆ ಕಲಿಯಲು ಎಸ್.ಜಿ. ಶಾಸ್ತ್ರಿಯವರನ್ನು ಇಂಗ್ಲೆಂಡಿಗೆ ಕಳುಹಿಸಲಾಯಿತು. ಅವರು ಕಲಿತು ಹಿಂದಿರುಗಿದ ಮೇಲೆ ಬಂದದ್ದೇ ಮೈಸೂರು ಸ್ಯಾಂಡಲ್ ಸೋಪು. ಅದೇ 1916ರಲ್ಲಿಯೇ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಮೈಸೂರು ಛೇಂಬರ್ ಆಫ್ ಕಾಮರ್ಸ್ ಸ್ಥಾಪನೆಯಾದದ್ದನ್ನೂ ನೆನೆಯಬೇಕು. ಮಾರಲಾಗದ ಸರಕು, ಪ್ರಯೋಗಶಾಲೆ, ವಿದೇಶದಲ್ಲಿ ಪಡೆದ ತರಬೇತಿ, ಊರಿನಲ್ಲಿ ಎದ್ದ ಕಾರ್ಖಾನೆ: ಅಂತರರಾಷ್ಟ್ರೀಯ ಸಹಯೋಗವೆಂದರೆ ನನ್ನ ಪಾಲಿಗೆ ಇದು.

ಸಹಯೋಗದ ಇನ್ನೊಂದು ಬಗೆಯನ್ನು ನಮ್ಮೂರೇ ಕಂಡಿದೆ. ಎಚ್.ಎಂ.ಟಿ. ಸಂಸ್ಥೆ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಸತೊಡಗಿತು. ತುಮಕೂರಿನ ಗಡಿಯಾರ ಕಾರ್ಖಾನೆ 1978ರಲ್ಲಿ ಬಂದಿತು. ಸ್ಪ್ರಿಂಗು ಮತ್ತು ಹಲ್ಲಿನ ಚಕ್ರಗಳ ಕೆಲಸದಲ್ಲಿ ನಮ್ಮ ಕುಶಲಕರ್ಮಿಗಳ ಕೈ ಯಾರಿಗೂ ಕಡಿಮೆಯಿರಲಿಲ್ಲ. ಆದರೆ ಅದಕ್ಕೆ ಒಂಬತ್ತು ವರ್ಷ ಮೊದಲೇ, 1969ರಲ್ಲಿ, ಜಪಾನಿನ ಸೀಕೋ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಾಗಿತ್ತು. ಕಾಲದ ಅಳತೆ ಚಕ್ರದ ಕೈಯಿಂದ ಚಿಪ್ಪಿನ ಕೈಗೆ ಜಾರಿತ್ತು. ಎಚ್.ಎಂ.ಟಿ.ಯೂ ಮುಂದೆ ಕ್ವಾರ್ಟ್ಜ್ ಗಡಿಯಾರ ಮಾಡಿತು, ನಿಜ. ಅದರ ಪತನಕ್ಕೆ ಸರ್ಕಾರಿ ಆಡಳಿತದ ಜಡತೆ, ಟೈಟಾನ್‌ನಂಥ ಚುರುಕಾದ ಪೈಪೋಟಿಗಾರ ಮೊದಲಾಗಿ ಬೇರೆ ಕಾರಣಗಳೂ ಉಂಟು. ಆದರೂ ಕೊಂಡು ತಂದ ವಿದ್ಯೆ ಬದಲಾದಾಗ ಅದನ್ನು ಮುಂದಕ್ಕೆ ಒಯ್ಯುವ ಪ್ರಯೋಗಶಾಲೆ ಜೊತೆಗಿರಲಿಲ್ಲವೆಂಬುದು ದೊಡ್ಡ ಕಾರಣವೆಂದು ನನ್ನ ಮತ. 2016ರ ಜನವರಿಯಲ್ಲಿ ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಇಲ್ಲಿನ ಕಾರ್ಖಾನೆಯ ಜಮೀನು ಇಸ್ರೋ ಸಂಸ್ಥೆಯ ಪಾಲಾಯಿತು. ಆ ಸಂಬಳದ ದಿನಗಳಂದು ಬಿ.ಎಚ್. ರಸ್ತೆಯ ಅಂಗಡಿಗಳಲ್ಲಿ ನಡೆಯುತ್ತಿದ್ದ ವ್ಯಾಪಾರವನ್ನು ಹಿರಿಯ ಸದಸ್ಯರು ಇಂದೂ ನೆನೆಯುತ್ತಾರೆ.

ಹಾಗಾಗಿ ವಿದೇಶೀ ಒಡಂಬಡಿಕೆಗಳ ಪಟ್ಟಿ ಉದ್ದವಿದೆಯೆಂದ ಮಾತ್ರಕ್ಕೆ ನಾವು ಹಿಗ್ಗಬೇಕಾಗಿಲ್ಲ. ನಮ್ಮ ವೃತ್ತಿಯ 26ನೆಯ ಲೆಕ್ಕಪತ್ರ ಮಾನದಂಡದ ಪ್ರಕಾರ ಸಂಶೋಧನೆಯ ಹಂತದ ಖರ್ಚು ಆ ವರ್ಷದ ಖರ್ಚೇ. ಮುಂದೆ ಆದಾಯ ತರುವುದೆಂದು ಸಾಧಿಸಿ ತೋರಿಸಿದ ಅಭಿವೃದ್ಧಿಯ ಹಂತದ ವೆಚ್ಚವನ್ನು ಮಾತ್ರ ಆಸ್ತಿಯೆಂದು ತೋರಿಸಬಹುದು. ಸಹಿ ಬಿದ್ದ ಒಡಂಬಡಿಕೆ ಇವೆರಡೂ ಅಲ್ಲ. ಬೆಲ್ಜಿಯಂನ ಲೂವೆನ್ ನಗರದಲ್ಲಿ 1984ರಲ್ಲಿ ಫ್ಲಾಂಡರ್ಸ್ ಪ್ರಾಂತ ಸರ್ಕಾರದ ನೆರವಿನಿಂದ ಆರಂಭವಾದ ಐಮೆಕ್ ಎಂಬ ನ್ಯಾನೋ ಎಲೆಕ್ಟ್ರಾನಿಕ್ಸ್ ಸಂಸ್ಥೆಯನ್ನು ನೋಡಿ. ಒಬ್ಬರಿಗೊಬ್ಬರು ಪೈಪೋಟಿಗಾರರಾದ ನಾನಾ ದೇಶಗಳ ಕಂಪನಿಗಳು ಅಲ್ಲಿ ಒಂದೇ ಯೋಜನೆಗೆ ಪಾಲು ಹಾಕಿ, ಫಲವನ್ನು ಹಂಚಿಕೊಳ್ಳುತ್ತವೆ. ಅದರ ಆದಾಯದ ಬಹುಪಾಲು ಬರುವುದು ಸರ್ಕಾರದಿಂದಲ್ಲ, ಕೈಗಾರಿಕೆಗಳಿಂದ. ಯಾವ ಸಂಶೋಧನೆ ಬೇಕೆಂಬುದನ್ನು ಹಣ ಕೊಡುವವನೇ ಕೇಳುತ್ತಾನೆ, ಕೇಳಿದ್ದಕ್ಕೆ ಲೆಕ್ಕವನ್ನೂ ಪಡೆಯುತ್ತಾನೆ.

ನಮ್ಮ ಕಡೆಯೂ ಶುಭಸೂಚನೆಗಳಿಲ್ಲದಿಲ್ಲ. ಸೆನ್ಸ್ ಕೇಂದ್ರದ ಸಂಶೋಧನೆಯಿಂದಲೇ ಹುಟ್ಟಿದ ಪಾಥ್‌ಶೋಧ್ ಎಂಬ ಕಂಪನಿ ಅಂಗೈಯಗಲದ ರಕ್ತಪರೀಕ್ಷಾ ಸಾಧನವನ್ನು ತಯಾರಿಸಿದೆ. ಚಿಪ್ಪು ತಯಾರಿಕೆಯ ಯಂತ್ರಗಳನ್ನು ಮಾಡುವ ಅಮೆರಿಕದ ಲ್ಯಾಮ್ ರಿಸರ್ಚ್ ಕಂಪನಿ ಹತ್ತು ವರ್ಷಗಳಲ್ಲಿ 60,000 ಭಾರತೀಯ ಇಂಜಿನಿಯರುಗಳಿಗೆ ತರಬೇತಿ ಕೊಡುವ ಯೋಜನೆಯನ್ನು 2023ರಲ್ಲಿ ಘೋಷಿಸಿದಾಗ ಅದರ ಸಹಭಾಗಿಯಾದದ್ದೂ ಸೆನ್ಸ್. ಇಂಥ ಯಂತ್ರಗಳಿಗೆ ನಿಖರವಾಗಿ ಕೊರೆದ ಲೋಹದ ಭಾಗಗಳು, ನಿರ್ವಾತ ಪೆಟ್ಟಿಗೆಗಳು, ಅನಿಲದ ಕೊಳವೆಗಳು ಬೇಕು. ವಸಂತನರಸಾಪುರದಲ್ಲಿ ಯಂತ್ರೋಪಕರಣಗಳ ಪಾರ್ಕನ್ನೂ ಗುಬ್ಬಿಯ ಬಿದರೆಹಳ್ಳ ಕಾವಲಿನಲ್ಲಿ 2023ರಿಂದ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆಯನ್ನೂ ಹೊಂದಿರುವ ಜಿಲ್ಲೆಗೆ ಇದು ಅಸಾಧ್ಯದ ಮಾತಲ್ಲ. ಹಾಗೆಂದು ಎಲ್ಲವೂ ತಾನಾಗಿ ಬರುವುದೆಂದು ಕಾದು ಕುಳಿತರೆ ಕೆಲಸವಾಗದು. ಮೈಸೂರಿನಲ್ಲೇ ಬೆಳೆದ ಕೇನ್ಸ್ ಕಂಪನಿಯ ಸೆಮಿಕಂಡಕ್ಟರ್ ಘಟಕಕ್ಕೆ 2024ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ದೊರೆತದ್ದು ಗುಜರಾತಿನ ಸಾಣಂದದಲ್ಲಿ.

ವಿದ್ವಾಂಸರು ಒಂದು ಆಕ್ಷೇಪ ಎತ್ತುವುದುಂಟು: ಸಣ್ಣ ಕೈಗಾರಿಕೆಯವರು ತರುವ ಸಮಸ್ಯೆ ಸಂಶೋಧನೆಯ ಮಟ್ಟದ್ದಲ್ಲ, ಮೆಕ್ಯಾನಿಕ್ಕಿನ ಮಟ್ಟದ್ದು. ಇದರಲ್ಲಿ ಸತ್ಯಾಂಶವಿದೆ. ಆದರೆ ನಮ್ಮ ಯಾರ್ಡಿನಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಉಂಡೆ ಕೊಬ್ಬರಿ ಒಣಗಿದೆಯೇ ಎಂದು ಇಂದಿಗೂ ಕಿವಿಯ ಬಳಿ ಕುಲುಕಿ ನೋಡುತ್ತೇವೆ. ಹುಣಸೆಹಣ್ಣನ್ನು ಬೆರಳಲ್ಲಿ ಒತ್ತುತ್ತೇವೆ. ತೇವಾಂಶದ ಹೆಸರಿನಲ್ಲಿ ಕಡಿತವಾಗುವ ಕಿಲೋಗಳ ಬಗ್ಗೆ ರೈತನಿಗೂ ದಲಾಲಿಗೂ, ದಲಾಲಿಗೂ ಖರೀದಿದಾರನಿಗೂ ನಡೆಯುವ ಜಗಳ ಯಾರಿಗೆ ತಿಳಿಯದು? ಮಾರುಕಟ್ಟೆಯಲ್ಲಿ ದೊರೆಯುವ ತೇವಾಂಶ ಮಾಪಕಗಳು ಕಾಳಿನ ವಿದ್ಯುತ್ ಗುಣವನ್ನು ಅಳೆದು ಅದರಿಂದ ನೀರಿನ ಪ್ರಮಾಣವನ್ನು ಲೆಕ್ಕ ಹಾಕುತ್ತವೆ. ಒಂದೊಂದು ಸರಕಿಗೂ ಒಂದೊಂದು ಹೊಂದಾಣಿಕೆ ಬೇಕು. ಭತ್ತಕ್ಕೆ ಹೊಂದಿಸಿದ ಮಾಪಕ ಹುಣಸೆಗೆ ಹೇಳುವುದು ಸುಳ್ಳು ಸಾಕ್ಷಿ. ಚಿಪ್ಪಿನೊಳಗಿನ ಕೊಬ್ಬರಿಗಂತೂ ಆ ವಿಧಾನ ನಡೆಯುವುದೇ ಇಲ್ಲ. ಚೀಲದೊಳಗಿನ ಗಾಳಿಯ ತೇವವನ್ನು ತೆಳು ಪದರದ ಸಂವೇದಕದಿಂದ ಅಳೆದು ಅಂದಾಜು ಮಾಡುವ ದಾರಿ ಹುಡುಕಬೇಕು. ತೆಳು ಪದರಗಳನ್ನು ಕಟ್ಟುವುದೇ ನ್ಯಾನೋ ಎಲೆಕ್ಟ್ರಾನಿಕ್ಸಿನವರ ನಿತ್ಯದ ಕೆಲಸ. ತಿಪಟೂರು, ತುಮಕೂರುಗಳ ಕೊಬ್ಬರಿಗಾಗಿ ಈ ಕೆಲಸವನ್ನು ಬೆಲ್ಜಿಯಂನವರು ಬಂದು ಮಾಡಲಾರರು.

ಖರ್ಚಿನ ಮಾತು. 1961ರ ಆದಾಯ ತೆರಿಗೆ ಕಾಯ್ದೆಯ 35(2ಎಬಿ) ಕಲಮಿನ ವಿಶೇಷ ವಿನಾಯಿತಿ ಸ್ವಂತ ಸಂಶೋಧನಾ ಘಟಕವಿದ್ದ ಕಂಪನಿಗಳಿಗೆ ಮಾತ್ರ ಇತ್ತು. ನಮ್ಮ ಬಹುಪಾಲು ಸದಸ್ಯರ ಪಾಲುದಾರಿಕೆ ಹಾಗೂ ಏಕಮಾಲೀಕತ್ವದ ವ್ಯವಹಾರಗಳಿಗೆ ಅದು ಎಟುಕಲಿಲ್ಲ. ಆದರೆ ಅನುಮೋದಿತ ಕಾರ್ಯಕ್ರಮದಡಿ ವಿಶ್ವವಿದ್ಯಾಲಯಕ್ಕೋ ರಾಷ್ಟ್ರೀಯ ಪ್ರಯೋಗಾಲಯಕ್ಕೋ ಕೊಟ್ಟ ಹಣಕ್ಕೆ 35(2ಎಎ) ಕಲಮಿನಲ್ಲಿ ಸಿಗುತ್ತಿದ್ದ ವಿನಾಯಿತಿಗೆ ಕಂಪನಿಯೇ ಆಗಿರಬೇಕೆಂಬ ನಿರ್ಬಂಧವಿರಲಿಲ್ಲ. 2016-17ರ ತನಕ ನೂರು ರೂಪಾಯಿ ಕೊಟ್ಟರೆ ಇನ್ನೂರು, 2019-20ರ ತನಕ ನೂರೈವತ್ತು ರೂಪಾಯಿ ಖರ್ಚೆಂದು ತೋರಿಸಬಹುದಿತ್ತು. 2020-21ರಿಂದ ನೂರಕ್ಕೆ ನೂರು ಮಾತ್ರ. ಆ ಅನುಕೂಲದ ವರ್ಷಗಳಲ್ಲಿ ನನ್ನ ಕಕ್ಷಿದಾರರ ಪೈಕಿ ಒಬ್ಬರೂ ಅದನ್ನು ಬಳಸಲಿಲ್ಲ. ಬಳಸಿರೆಂದು ನಾನೂ ಒತ್ತಾಯಿಸಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಇನ್ನು ಸಂಸ್ಥೆಗಳ ಶುಲ್ಕದ ಮೇಲಿನ ಜಿ.ಎಸ್.ಟಿ.ಯನ್ನು ಸಾಮಾನ್ಯ ನೋಂದಣಿಯವರು ಜಮೆ ಪಡೆಯಬಹುದು. ರಾಜಿ ತೆರಿಗೆಯವರಿಗೆ ಅದು ಖರ್ಚೇ.

ಒಬ್ಬೊಬ್ಬ ವರ್ತಕ ಭರಿಸಲಾಗದ್ದನ್ನು ಹತ್ತು ಮಂದಿ ಪಾಲು ಹಾಕಿ ಭರಿಸಬಹುದು. ನಮ್ಮ ಸಂಸ್ಥೆಯ ಕಾರ್ಯಕಾರಿ ಸಮಿತಿಗೆ ನನ್ನ ಸಲಹೆ ಇಷ್ಟು. ಹತ್ತು ಹನ್ನೆರಡು ಮಂಡಿ ಮಾಲೀಕರು ಮತ್ತು ತೂಕ-ಅಳತೆ ಸಾಧನಗಳನ್ನು ಬಲ್ಲ ಇಬ್ಬರು ತಯಾರಕರು ಸೇರಿ ಸಣ್ಣ ನಿಧಿಯೊಂದನ್ನು ಕೂಡಿಸಬೇಕು. ಬಳಕೆದಾರರ ಕಾರ್ಯಕ್ರಮದ ದಾರಿ ಕಾಲೇಜುಗಳ ಮೂಲಕ ಸುಗಮವಾಗಿರುವುದರಿಂದ ನಮ್ಮ ಸಿದ್ಧಗಂಗಾ ತಾಂತ್ರಿಕ ಕಾಲೇಜಿನ ಅಥವಾ ಶ್ರೀ ಸಿದ್ಧಾರ್ಥ ತಾಂತ್ರಿಕ ಕಾಲೇಜಿನ ಎಲೆಕ್ಟ್ರಾನಿಕ್ಸ್ ಅಧ್ಯಾಪಕರನ್ನು ಜೊತೆಗೂಡಿಸಿಕೊಂಡು ಬೆಂಗಳೂರಿಗೆ ಹೋಗಬೇಕು. ಫಲ ದೊರೆತರೆ ಹಕ್ಕು ಯಾರದು, ತಯಾರಿಕೆ ಎಲ್ಲಿ, ದೊರೆಯದಿದ್ದರೆ ಹಣ ಎಲ್ಲಿಗೆ ನಿಲ್ಲಿಸಬೇಕು ಎಂಬ ಮೂರನ್ನು ಮೊದಲೇ ಬರೆದಿಡಬೇಕು. ಕರಡನ್ನು ನಾನು ಶುಲ್ಕವಿಲ್ಲದೆ ಬರೆದುಕೊಡಲು ಸಿದ್ಧ. ಬೇಕಾಗುವುದು ಒಂದೇ ತಳಿಯ, ಬೇರೆ ಬೇರೆ ತೇವದ ಕೊಬ್ಬರಿ ಮತ್ತು ಹುಣಸೆಯ ಮಾದರಿ ಚೀಲಗಳು. ಅವುಗಳನ್ನು ಒಂದು ಸುಗ್ಗಿಯ ಉದ್ದಕ್ಕೂ ದಿನಾಂಕ ಬರೆದು ತೆಗೆದಿರಿಸಬಲ್ಲ ಮಂಡಿಗಳವರು ತಮ್ಮ ಹೆಸರನ್ನು ಕಾರ್ಯದರ್ಶಿಯವರಲ್ಲಿ ನೋಂದಾಯಿಸಬೇಕಾಗಿ ಕೋರಿಕೆ.